ಸಾಕ್ಷಿ ಹೇಳಿದ್ದು ಹೀಗಲ್ಲ ಎಂದ ಅಕ್ಕ

ಬೆಳಗಿನ ಆರೂವರೆ. ನ್ಯಾಯಾಲಯದ ಹಿಂಬದಿಯ ಕೋಣೆಯಲ್ಲಿ ಶೀಘ್ರಲಿಪಿಗಾರ್ತಿ, ಎಲ್ಲರ ಬಾಯಲ್ಲಿ ಸ್ಟೆನೋ ಅಕ್ಕ, ಒಬ್ಬರೇ ಟೈಪ್ ಮಾಡುತ್ತಿದ್ದಾರೆ. ಪಕ್ಕದಲ್ಲಿ ವಕೀಲರ ಸಂಘ ಕೊಟ್ಟ ಇನ್ನೂರ ಹನ್ನೆರಡು ನಮೂನೆಗಳ ಕಟ್ಟು. ‘ನಮ್ಮ ನ್ಯಾಯಾಲಯದ ಮೇಲೆ ನಿಮಗೆ ನಂಬಿಕೆ ಇದೆಯೇ?’ ಎಂದು ಸಂಘ ತನ್ನ ಸದಸ್ಯರನ್ನು ಕೇಳಿದೆ. ಹೆಸರು ಬರೆಯಬೇಕಿಲ್ಲ. ನೂರ ನಲವತ್ತು ಮಂದಿ ‘ಇಲ್ಲ’ ಎಂದಿದ್ದಾರೆ. ಅದನ್ನೆಲ್ಲ ಪಟ್ಟಿ ಮಾಡುವ ಬಿಟ್ಟಿ ಕೆಲಸ ಅಕ್ಕನ ತಲೆಗೆ ಬಿದ್ದಿದೆ.

“ಒಬ್ರು ಬರ್ದಿದ್ದಾರೆ, ನನ್ನ ಸ್ವಂತ ಕೇಸಾದ್ರೆ ಇಲ್ಲಿಗೆ ತರಲ್ಲ ಅಂತ. ಬೇರೆಯವರದ್ದು ಮಾತ್ರ ದಿನಾ ತರ್ತಾರೆ,” ಎಂದು ಅಕ್ಕ ನಗುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು ಕೂತ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಇಪ್ಪತ್ತೊಂದು ವರ್ಷಗಳಿಂದ ಅವರದು ಇದೇ ಕುರ್ಚಿ. ದಿನಕ್ಕೆ ಹತ್ತು ಹನ್ನೆರಡು ಸಾಕ್ಷಿ, ನಲವತ್ತು ಪುಟ. ಸಾಕ್ಷಿ ತನಗೆ ಬಂದ ಮಾತಿನಲ್ಲಿ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಅಚ್ಚುಕಟ್ಟು ಮಾಡಿ ಬರೆಸುತ್ತಾರೆ. ಸ್ಟೆನೋ ಬರೆದುಕೊಳ್ಳಬೇಕಾದ್ದು ಅದನ್ನಷ್ಟೇ. ಆದರೆ ಅಕ್ಕ ಸಾಕ್ಷಿಯ ಬಾಯಿಂದ ಬಂದದ್ದನ್ನೂ ಪುಸ್ತಕದ ಎಡಪುಟದಲ್ಲಿ ಗೀಚಿಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಹೋದ ವಾರ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ಕಟಕಟೆಯಲ್ಲಿ ನಿಂತು, “ಮೇಲ್ವಿಚಾರಕ ಬಾಗಿಲು ಹಾಕಿ ನನ್ನ ಕೈ ಮುರಿದ” ಎಂದಳು. ನ್ಯಾಯಾಧೀಶರು ಬರೆಸಿದ್ದು, ‘ತಳ್ಳಾಟದಲ್ಲಿ ಕೈಗೆ ಪೆಟ್ಟಾಯಿತು.’ ಅಕ್ಕ ಎದ್ದು ನಿಂತರು. “ಸ್ವಾಮಿ, ಸಾಕ್ಷಿ ಹೇಳಿದ್ದು ಹೀಗಲ್ಲ.” ಎಡಪುಟವನ್ನು ಓದಿಯೇ ಬಿಟ್ಟರು. ವಾಕ್ಯ ತಿದ್ದಬೇಕಾಯಿತು. ಕೋಣೆ ತುಂಬ ಕರಿಕೋಟುಗಳಿದ್ದವು. ಆ ಹೆಂಗಸಿನ ಪರ ವಕೀಲರೂ ಸೇರಿ ಒಬ್ಬರೂ ಪಿಟಕ್ ಎನ್ನಲಿಲ್ಲ.

ಮಾರನೆಯ ದಿನವೇ ಅಕ್ಕನಿಗೆ ನೋಟಿಸು. ಕಲಾಪಕ್ಕೆ ಅಡ್ಡಿ ಮಾಡಿದ್ದಕ್ಕೆ ಕ್ಷಮೆ ಬರೆದುಕೊಡಬೇಕು, ಇಲ್ಲವಾದರೆ ಮುನ್ನೂರು ಕಿಲೋಮೀಟರ್ ಆಚೆಗೆ ವರ್ಗ. ಗಡುವು ಇವತ್ತು ಸಂಜೆ. ಮನೆಯಲ್ಲಿ ಲಕ್ವ ಹೊಡೆದ ತಾಯಿ. ಎಬ್ಬಿಸಿ ಕೂರಿಸಲು, ಗಂಜಿ ಕುಡಿಸಲು ಇವರೊಬ್ಬರೇ.

ಅಂದು ಬಾಯಿಗೆ ಬೀಗ ಹಾಕಿಕೊಂಡವರು ಇಂದು ಹೆಸರಿಲ್ಲದ ಕಾಗದದಲ್ಲಿ ನಂಬಿಕೆ ಹೋಯಿತೆಂದು ಗೋಳಾಡುತ್ತಿದ್ದಾರೆ. ತಾನಾಗಿ ಎದ್ದು ಹೋಯಿತೇ, ಮಹನೀಯರೇ? ನೀವು ಫೈಲಿನಲ್ಲಿ ಮುಖ ಹುದುಗಿಸಿ ಕೂತಾಗ ಹೋಯಿತು. ನಾಚಿಕೆಯಾಗಬೇಕು.

ಅಕ್ಕನ ಉತ್ತರ ಟೈಪಾಗಿದೆ. ಒಂದೇ ಸಾಲು: ‘ಸಾಕ್ಷಿ ಹೇಳಿದ್ದನ್ನು ಓದಿದ್ದೇನೆ, ಕ್ಷಮೆ ಕೇಳುವಂಥದ್ದೇನೂ ಮಾಡಿಲ್ಲ.’

“ಮತ್ತೆ ಅಮ್ಮ?” ಎನ್ನುತ್ತೇನೆ.

“ಅಮ್ಮನ್ನೇ ಕೇಳ್ದೆ. ‘ಗಾಡಿ ಮಾಡು, ನನ್ನೂ ಎತ್ತಿ ಹಾಕು’ ಅಂದ್ಳು. ವರ್ಗ ಮಾಡ್ಲಿ ಬಿಡಿ. ಅಲ್ಲೂ ಸಾಕ್ಷಿಗಳು ಬರ್ತಾರಲ್ಲ.”