ಪೂವಕ್ಕನ ಜಗಲಿಗೆ ಯಾವ ರೇಟು?

ಪಾಣೆಮಂಗಳೂರಿನ ಪೂವಮ್ಮನಿಗೆ ಬಾಯಿ ಜೋರು ಎಂದು ಹೇಳುವವರು ಈಗಲೂ ಇದ್ದಾರೆ. ಹೌದು, ಜೋರೇ. ಆ ಬಾಯಿ ಇಲ್ಲದಿದ್ದರೆ ನಾವು ಹೆಂಗಸರು ಚಿಮಣಿ ದೀಪದ ಹೊಗೆ ಕುಡಿಯುತ್ತಲೇ ಬೀಡಿ ಕಟ್ಟಬೇಕಿತ್ತು. ಅವಳ ಪಕ್ಕದಲ್ಲೇ ಕೂತು ಕಟ್ಟಿದವಳು ನಾನು, ಜಲಜಾಕ್ಷಿ. ಅವರಿವರ ಮಾತು ಯಾಕೆ, ನನ್ನಿಂದಲೇ ಕೇಳಿ.

ನಮಗೆಲ್ಲ ಅವಳು ಪೂವಕ್ಕ. ಅವಳ ಗಂಡ ಬೊಂಬಾಯಿಯ ಹೋಟೆಲ್ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅದಕ್ಕಾಗಿ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಬೈದದ್ದನ್ನು ಮಾತ್ರ ಹೊಟ್ಟೆ ತುಂಬ ಕೇಳಿದ್ದೇನೆ. ಬದುಕಿಗೆ ಅವಳು ನಂಬಿದ್ದು ಬೀಡಿಯನ್ನು.

ಬೀಡಿ ಕಟ್ಟುವುದು ಕೈಯ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಅದು ಕಣ್ಣಿನ ಕೆಲಸ. ಎಲೆಯಲ್ಲಿ ಸಣ್ಣದೊಂದು ತೂತಿದ್ದರೂ ಬೀಡಿ ಕೆಟ್ಟಿತು. ಹಗಲಿಡೀ ದುಡಿದು ಸಂಜೆ ಚಿಮಣಿಯ ಎದುರು ಕೂತವರಿಗೆ ತೂತು ಎಲ್ಲಿಂದ ಕಾಣಬೇಕು? ನಮಗೆ ಎಲೆ, ಹೊಗೆಸೊಪ್ಪಿನ ಹುಡಿ ಕೊಡುತ್ತಿದ್ದ ಕಂತ್ರಾಟುದಾರ ರುಕ್ಮಯ್ಯನಿಗೆ ಮಾತ್ರ ಬೆಳಿಗ್ಗೆ ಬಿಸಿಲಲ್ಲಿ ಎಲ್ಲವೂ ಕಾಣುತ್ತಿತ್ತು. ಕಟ್ಟುಕಟ್ಟೇ ತೆಗೆದು ಬದಿಗೆ ಎಸೆಯುತ್ತಿದ್ದ, ಅದಕ್ಕೆ ಕೂಲಿ ಇಲ್ಲ. ಎಸೆದದ್ದನ್ನು ಅವನೇನು ಹೊಳೆಗೆ ಹಾಕುತ್ತಿದ್ದನೇ? ಅದನ್ನೂ ಮಾರುತ್ತಿದ್ದ, ಕಳ್ಳ.

ಊರಿಗೆ ಕರೆಂಟು ಬಂದಾಗ ಪೂವಕ್ಕ ಹಟ ಹಿಡಿದು ಒಂದು ಬಲ್ಬು ಹಾಕಿಸಿದಳು. ಅಡುಗೆಮನೆಗೂ ಇಲ್ಲ, ದೇವರ ಮೂಲೆಗೂ ಇಲ್ಲ, ಜಗಲಿಗೆ. ಸಂಜೆಯಾದರೆ ಕರೆಂಟಿಲ್ಲದ ಮನೆಗಳ ನಾವು, ಬೀಯಮ್ಮ, ನಾನು, ಇನ್ನೂ ಕೆಲವರು, ಎಲೆ ಹುಡಿಯ ತಡ್ಪೆ, ಅಂದರೆ ಮೊರ, ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಬಿಲ್ಲಿಗೆ ಎಲ್ಲರೂ ಚೂರುಚೂರು ಸೇರಿಸುತ್ತಿದ್ದೆವು. ಆಮೇಲೆ ರುಕ್ಮಯ್ಯನಿಗೆ ಎಸೆಯಲು ಬೀಡಿ ಸಿಗಲಿಲ್ಲ.

ಅರವತ್ತೆರಡನೇ ಇಸವಿ ಇರಬೇಕು. ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ಕರೆಂಟಾಫೀಸಿನ ಸಾಹೇಬರು ಒಂದು ಸಂಜೆ ರಸ್ತೆಯಲ್ಲಿ ಹೋಗುತ್ತಿದ್ದವರು ನಮ್ಮನ್ನು ಕಂಡು ಅಂಗಳಕ್ಕೆ ಬಂದರು.

"ಇದು ಮನೆಯಲ್ಲ, ವ್ಯಾಪಾರದ ಜಾಗ. ಶನಿವಾರದೊಳಗೆ ಆಫೀಸಿಗೆ ಬಂದು ಅಂಗಡಿ ರೇಟಿಗೆ ಒಪ್ಕೊಳ್ಳಿ. ಇಲ್ಲಾಂದ್ರೆ ವಯರ್ ಕಟ್ ಮಾಡಿಸ್ತೀನಿ" ಎಂದು ಹೇಳಿ ಹೋದರು.

ಅಂಗಡಿ ರೇಟು ಕಟ್ಟುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಲ್ಬು ಹೋದರೆ ಮತ್ತೆ ಚಿಮಣಿ, ಮತ್ತೆ ರುಕ್ಮಯ್ಯನ ಆಟ.

ಪೂವಕ್ಕ ನನ್ನನ್ನು ಕರೆದುಕೊಂಡು ಬಂಟ್ವಾಳದ ಆಫೀಸಿಗೆ ಹೋದಳು. ಗೋಡೆಯಲ್ಲಿ ರೇಟಿನ ಬೋರ್ಡು ಇತ್ತು. ಐದನೇ ಕ್ಲಾಸು ಓದಿದ ನಾನು ಅವಳಿಗೆ ಓದಿ ಹೇಳಿದೆ. ಮನೆಗೆ ಒಂದು ರೇಟು, ಅಂಗಡಿಗೆ ಅದಕ್ಕಿಂತ ಹೆಚ್ಚು, ಫ್ಯಾಕ್ಟರಿಗೆ ಎಲ್ಲಕ್ಕಿಂತ ಕಡಿಮೆ.

"ಸರಿ ಓದು ಮಾರಾಯ್ತಿ, ತಪ್ಪಿರಬೇಕು" ಎಂದಳು.

ತಪ್ಪಿರಲಿಲ್ಲ. ಅವಳು ಸಾಹೇಬರ ಮೇಜಿನ ಎದುರು ಹೋಗಿ ನಿಂತಳು.

"ಸಾರ್, ಹೊಳೆಯಾಚೆಯ ಹಂಚಿನ ಫ್ಯಾಕ್ಟರಿಯ ಧನಿಗಳಿಗೆ ನನ್ನಿಂದಲೂ ಕಮ್ಮಿ ರೇಟು ಯಾಕೆ?"

"ಅಲ್ಲಿ ಮಾಲು ತಯಾರಾಗುತ್ತಮ್ಮ."

"ನಾವೂ ತಯಾರು ಮಾಡುವುದೇ ಅಲ್ವಾ? ಹಾಗಾದ್ರೆ ನಮಗೂ ಅದನ್ನೇ ಹಾಕಿ."

"ಅದಕ್ಕೆ ಮೋಟಾರ್ ಇರ್ಬೇಕು. ನಿಮ್ಮ ಹತ್ರ ಎಲ್ಲಿದೆ?"

ಪೂವಕ್ಕ ಎರಡೂ ಕೈ ಚಾಚಿದಳು. "ಇದೆಂತದು ಮತ್ತೆ?"

ಗುಮಾಸ್ತರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಆಯ್ತು, ಅಂಗಡಿಯೇ ಅಂತ ಇಟ್ಟುಕೊಳ್ಳುವ. ಯಾರ ಅಂಗಡಿ? ಎಲೆ ರುಕ್ಮಯ್ಯನವರದ್ದು, ಹುಡಿ ಅವರದ್ದು, ನೂಲು ಅವರದ್ದು, ಕಟ್ಟಿದ ಬೀಡಿಯೂ ಅವರದ್ದು. ಬಿಲ್ಲು ಅವರಿಗೆ ಕಳಿಸಿ."

"ಅದೆಲ್ಲ ನಂಗೆ ಸಂಬಂಧ ಇಲ್ಲ. ವ್ಯಾಪಾರದ ಜಾಗ ಅಂದ್ರೆ ವ್ಯಾಪಾರದ ಜಾಗ."

ಅವಳು ನನ್ನ ಕೈ ಹಿಡಿದು ಹೊರಗೆ ಬಂದಳು. ಸೇತುವೆಯ ಮೇಲೆ ಬರುವಾಗ ನನ್ನಲ್ಲಿ ಕೇಳಿದಳು: "ನಿನಗೆ ದೊಡ್ಡ ಅಕ್ಷರ ಬರೀಲಿಕ್ಕೆ ಬರ್ತದಾ?"

ಮರುದಿನ ಒಂದು ಹಳೆಯ ಹಲಗೆಗೆ ಮಸಿ ಬಳಿದು, ಅದರ ಮೇಲೆ ಸುಣ್ಣದಲ್ಲಿ ನಾನೇ ಬರೆದೆ: "ರುಕ್ಮಯ್ಯನವರ ಬೀಡಿ ಫ್ಯಾಕ್ಟರಿ. ಕೆಲಸದವರು ಎಂಟು ಜನ." ಅದನ್ನು ಬಲ್ಬಿನ ಕೆಳಗೆ ರಸ್ತೆಗೆ ಕಾಣುವ ಹಾಗೆ ತೂಗು ಹಾಕಿದೆವು. ಮಾಣಿ ಊರಿನ ಕಡೆಯಿಂದ ಮಂಗಳೂರಿಗೆ ಹೋಗುವ ಬಸ್ಸಿನವರೆಲ್ಲ ಓದಿಕೊಂಡು ಹೋದರು.

ರುಕ್ಮಯ್ಯ ಎದ್ದನೋ ಬಿದ್ದನೋ ಎಂದು ಓಡಿ ಬಂದ. ಯಾಕೆ ಎಂದರೆ, ಫ್ಯಾಕ್ಟರಿ ಎಂದಾದರೆ ಕಾನೂನು ಬರುತ್ತದೆ. ರಜೆ ಕೊಡಬೇಕು, ಹೊತ್ತಿನ ಲೆಕ್ಕ ಇಡಬೇಕು, ಕೆಲಸದವರ ಹೆಸರು ತೋರಿಸಬೇಕು. ವಿಚಾರಿಸಲು ಬಂದ ಅಧಿಕಾರಿಗಳಿಗೆಲ್ಲ ಅವನು ಅಷ್ಟು ವರ್ಷ ಹೇಳಿದ್ದು ಒಂದೇ ಮಾತು: ನನಗೆ ಕೆಲಸದವರೇ ಇಲ್ಲ, ಹೆಂಗಸರು ಹೊತ್ತು ಹೋಗದೆ ಮನೆಯಲ್ಲಿ ಕೂತು ಕಟ್ಟುತ್ತಾರೆ ಎಂದು. ಹೊತ್ತು ಹೋಗದೆ ಅಂತೆ!

"ಎಂತ ಹುಚ್ಚು ಮರ್ಲು ಇದು ಪೂವಮ್ಮ? ಬೋರ್ಡು ತೆಗಿ."

"ವ್ಯಾಪಾರದ ಜಾಗ ಅಂತ ಸಾಹೇಬರೇ ಹೇಳಿದ್ದು. ನಿಮ್ಮ ಹೆಸರು ಹಾಕದೆ ಮತ್ತೆ ಯಾರದ್ದು ಹಾಕುವುದು ಧನಿಗಳೇ?"

"ಇದು ಮನೆ, ಮಾರಾಯ್ತಿ. ನಿನ್ನ ಮನೆ."

"ನನ್ನಲ್ಲಿ ಯಾಕೆ ಹೇಳ್ತೀರಿ? ಕರೆಂಟಾಫೀಸಿಗೆ ಹೋಗಿ ಹೇಳಿ."

ಹೋದ. ಏನು ಹೇಳಿದನೋ, ಯಾರ ಕಾಲು ಹಿಡಿದನೋ, ಶನಿವಾರ ಲೈನಿನವನು ಬಂದು ಇದು ಮನೆ ಎಂದೇ ತೀರ್ಮಾನವಾಗಿದೆ, ಮನೆಯ ರೇಟೇ ಮುಂದುವರಿಯುತ್ತದೆ ಎಂದು ತಿಳಿಸಿದ. ಪೂವಕ್ಕ ಬೋರ್ಡು ಇಳಿಸಿದಳು.

ರುಕ್ಮಯ್ಯ ಸುಮ್ಮನಿರುವ ಜನವೇ? ಸೋಮವಾರ ಎಲೆಗೆಂದು ಹೋದ ನಮಗೆಲ್ಲ ಹೊಸ ಕಾಯಿದೆ ಹೇಳಿದ. ಅವರವರ ಮನೆಯಲ್ಲಿ ಕೂತು ಕಟ್ಟುವವರಿಗೆ ಮಾತ್ರ ಎಲೆ, ಪೂವಮ್ಮನ ಜಗಲಿಯಲ್ಲಿ ಕೂರುವವರಿಗೆ ಒಂದು ಎಲೆಯೂ ಇಲ್ಲ. ನಾವು ಒಟ್ಟಿಗೆ ಕೂರುವುದೇ ಅವನಿಗೆ ಭಯ.

ಸುಳ್ಳು ಯಾಕೆ ಹೇಳಲಿ, ನಮಗೂ ಭಯವೇ. ಬೀಯಮ್ಮನ ಮನೆಯಲ್ಲಿ ಅಕ್ಕಿ ಮುಗಿದಿತ್ತು.

"ಹೋಗುವವರು ಹೋಗಿ, ನಾನು ಬೈಯುವುದಿಲ್ಲ. ಬಲ್ಬು ಮಾತ್ರ ಆರಿಸುವುದಿಲ್ಲ" ಎಂದಳು ಪೂವಕ್ಕ.

ಅವಳು ಬೈದಿದ್ದರೆ ಹೋಗುತ್ತಿದ್ದೆವೋ ಏನೋ. ಬೀಯಮ್ಮನೇ ಮೊದಲು ಖಾಲಿ ತಡ್ಪೆ ಹಿಡಿದು ಬಂದು ಕೂತಳು. ಅವಳ ಹಿಂದೆ ನಾವೆಲ್ಲ. ಇದ್ದವರ ಮನೆಯ ಗಂಜಿಯನ್ನು ಹಂಚಿಕೊಂಡೆವು. ಆ ವಾರವಿಡೀ ಬಲ್ಬು ಉರಿಯಿತು, ನಾವು ಕೈಕಟ್ಟಿ ಕೂತು ಹರಟೆ ಹೊಡೆದೆವು. ಅತ್ತ ಬೀಡಿ ಕೊಂಡೊಯ್ಯಲು ಮಂಗಳೂರಿನಿಂದ ಬಂದ ಲಾರಿ ಅರ್ಧ ಖಾಲಿ ತಿರುಗಿ ಹೋಯಿತು.

ಅದೇ ಸಂಜೆ ರುಕ್ಮಯ್ಯ ಬಂದು ಅಂಗಳದಲ್ಲಿ ನಿಂತ. ಮುಖ ಕೆಂಪಾಗಿತ್ತು.

"ಎಲೆ ಇಲ್ಲ, ಹುಡಿ ಇಲ್ಲ, ಕೆಲಸ ಇಲ್ಲ. ಸುಮ್ಮನೆ ಯಾಕೆ ಕರೆಂಟು ಉರಿಸ್ತೀರಿ?"

ಪೂವಕ್ಕ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಧನಿಗಳು ಬಂದರೆಂದು ಕಾಲು ಮಡಚಲಿಲ್ಲ.

"ಇದು ಮನೆ ಅಂತ ನೀವೇ ಹೇಳಿ ಬಂದದ್ದಲ್ವಾ? ಮನೆಯಲ್ಲಿ ದೀಪ ಹಾಕ್ಲಿಕ್ಕೆ ಕೆಲಸ ಯಾಕೆ ಬೇಕು?"

ಅವನು ಬಲ್ಬನ್ನು ನೋಡಿದ, ನಮ್ಮೆಲ್ಲರನ್ನೂ ನೋಡಿದ, ಹೊರಟುಹೋದ.

ಮರುದಿನ ಎಲೆ ಬಂತು. ಎಂಟೂ ಜನರ ಪಾಲು ಒಟ್ಟಿಗೆ, ಪೂವಕ್ಕನ ಜಗಲಿಗೇ.