ಮುಷ್ಕರದ ಬೆಳಿಗ್ಗೆ ಎದ್ದ ಹೊಗೆ

ನಾನು ಚಿಕ್ಕವನಿದ್ದಾಗ ಊರಿನ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದವನಂತಿದ್ದೆ. ಭದ್ರಾವತಿಯ ಸರ್ಕಾರಿ ಕಾರ್ಖಾನೆಯಲ್ಲಿ ಅಪ್ಪನಿಗೆ ಕಬ್ಬಿಣ ಕರಗಿಸುವ ಕೆಲಸ. ನಮ್ಮ ಮನೆಯೂ ಕಾರ್ಖಾನೆಯದೇ. ಅಲ್ಲಿನ ಮಕ್ಕಳು ಎದ್ದವರೇ ಮೊದಲು ಕಾರ್ಖಾನೆಯ ಚಿಮಣಿ ನೋಡುತ್ತಿದ್ದರು. ಹೊಗೆ ಇದ್ದರೆ ಕೆಲಸವಿದೆ ಎಂದು ಲೆಕ್ಕ.

ಅಂದು ಮುಷ್ಕರ ಶುರು. ಪಾಳಿ ಬದಲಿಸುವ ಮೊದಲು ಆಡಳಿತದವರು ಕಾರ್ಮಿಕರ ಸಂಘವನ್ನು ಕೂರಿಸಿಕೊಂಡು ಮಾತಾಡಬೇಕು ಎಂಬುದು ಕಾರ್ಮಿಕರ ಬೇಡಿಕೆ. ಒಬ್ಬೊಬ್ಬರೇ ಹೋಗಿ ಕೈಮುಗಿಯುವ ಬದಲು, ಎಲ್ಲರ ಪರವಾಗಿ ಕೆಲವರು ಎದುರು ಕುರ್ಚಿಯಲ್ಲಿ ಕೂತು ಕೇಳುವುದು. ಆ ಕೆಲವರಲ್ಲಿ ಅಪ್ಪನೂ ಒಬ್ಬರು. ಉಳಿದವರು ಕೈಬಿಟ್ಟರೆ ಅಪ್ಪನ ಕೆಲಸ ಹೋದೀತು, ಮನೆಯೂ ಹೋದೀತು ಎಂದು ನಾನು ಗೋಲಿಗಳನ್ನು ಆಗಲೇ ಚೀಲಕ್ಕೆ ತುಂಬಿಟ್ಟಿದ್ದೆ.

ಬೆಳಿಗ್ಗೆ ನೋಡಿದರೆ ಚಿಮಣಿಯಲ್ಲಿ ತೆಳ್ಳಗೆ ಹೊಗೆ. ಅಂದರೆ ಯಾರೋ ಕೆಲಸಕ್ಕೆ ಹೋಗಿಬಿಟ್ಟಿದ್ದಾರೆ! ಅಕ್ಕ ತಿಂಡಿಗೆ ಕರೆಯುತ್ತಿದ್ದರೂ ನಿಲ್ಲದೆ ಗೇಟಿಗೆ ಓಡಿದೆ. ಮಸಿ, ಬೀಡಿ, ಉಪ್ಪಿಟ್ಟಿನ ಒಗ್ಗರಣೆ ಎಲ್ಲ ಬೆರೆತ ವಾಸನೆಯ ನಡುವೆ ಅಪ್ಪ ಶಾಮಿಯಾನದಡಿ ಕೂತಿದ್ದರು.

"ಅಪ್ಪಾ, ನಿಮ್ಮನ್ನ ಬಿಟ್ಟು ಎಲ್ಲ ಕೆಲಸಕ್ಕೆ ಹೋಗಿದಾರೆ," ಎಂದೆ ಏದುಸಿರಿನಲ್ಲಿ.

ಪಕ್ಕದಲ್ಲಿದ್ದ ಗೆಳೆಯರೊಬ್ಬರು ಅಪ್ಪನಿಗೆ, "ನಿನ್ನ ಮಗನ್ನೇ ಲೀಡರ್ ಮಾಡ್ಬಹುದಿತ್ತು ಮಾರಾಯ. ನಮಗಿಂತ ಮುಂಚೆ ಹೆದರ್ತಾನೆ," ಎಂದು ನಕ್ಕರು.

ಅಪ್ಪ ನನ್ನನ್ನು ಹತ್ತಿರಕ್ಕೆಳೆದುಕೊಂಡರು. "ಬೆಂಕಿ ನೋಡ್ಕೊಳ್ಳಕ್ಕೆ ನಾವೇ ನಾಲ್ಕು ಜನನ್ನ ಕಳಿಸಿದೀವಿ ಕಣೋ. ಕುಲುಮೆ ಆರಿದ್ರೆ ಒಳಗಿರೋ ಕಬ್ಬಿಣ ಬಂಡೆ ಆಗೋಗುತ್ತೆ. ಆಮೇಲೆ ಮಾತಲ್ಲಿ ಗೆದ್ದು ಏನ್ಮಾಡೋದು? ಕೆಲಸ ಮಾಡಕ್ಕೆ ಕಾರ್ಖಾನೆ ಬೇಡ್ವಾ?"

ಮಧ್ಯಾಹ್ನ ಒಳಗಿನಿಂದ ಆಡಳಿತದವರ ಕರೆ ಬಂತು. ಅಪ್ಪ, ಸಂಗಡಿಗರು ಹೋದರು. ನಾನು ಉಗುರುಗಳನ್ನೆಲ್ಲ ಕಡಿದು ಮುಗಿಸಿದೆ. ಬಿಸಿಲು ಇಳಿಯುವ ಹೊತ್ತಿಗೆ ಹೊರಬಂದ ಅಪ್ಪ, "ನಮ್ಮ ಜೊತೆ ಮಾತಾಡ್ದೆ ಇನ್ಮೇಲೆ ಶಿಫ್ಟ್ ಬದಲಾಯ್ಸಲ್ಲ ಅಂತ ಒಪ್ಪಿದಾರೆ. ನಾಳೆ ಎಲ್ಲ ಕೆಲಸಕ್ಕೆ ಬನ್ನಿ," ಎಂದರು. ಬೆಳಗಿನಿಂದ ನನಗೆ ಹಸಿವಾಗಿತ್ತು ಎಂಬುದು ತಿಳಿದದ್ದೇ ಆಗ. ತಣ್ಣಗಾದ ಉಪ್ಪಿಟ್ಟನ್ನೇ ಮತ್ತೆ ಮತ್ತೆ ಹಾಕಿಸಿಕೊಂಡೆ.

ಮೊಮ್ಮಕ್ಕಳೇ, ನೀವಿರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ. ನಿಮ್ಮಮ್ಮ ಸರ್ಕಾರಿ ಆಸ್ಪತ್ರೆಯ ನರ್ಸ್. ಮೊನ್ನೆ, ರಾತ್ರಿಪಾಳಿಯ ವಿಷಯ ಮಾತಾಡಲು ಎಲ್ಲ ನರ್ಸ್‌ಗಳ ಪರವಾಗಿ ಅವಳು ದೊಡ್ಡ ಸಾಹೇಬರ ಬಳಿ ಹೊರಟಾಗ, ಇಷ್ಟು ವಯಸ್ಸಾದ ಮೇಲೂ ನನಗೆ ಅದೇ ಹಳೆಯ ಚಿಂತೆ ಹಿಡಿಯಿತು. ನೀವೋ, ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಾ, ಮೀಟಿಂಗ್ ಮುಗಿಸ್ಕೊಂಡು ಬರ್ತಾ ಬೆಣ್ಣೆ ಬಿಸ್ಕತ್ತು ತಗೊಂಡ್ ಬಾ," ಎಂದಿರಿ. ಕೇಳಲು ಹೋದವರು ಕೆಲಸ ಉಳಿಸಿಕೊಂಡೇ ಮನೆಗೆ ಬರುತ್ತಾರೆ ಎಂಬುದರಲ್ಲಿ ನಿಮಗೆ ಅನುಮಾನವೇ ಇಲ್ಲ. ಅದನ್ನು ಕಂಡು ನನಗೆ ಎಷ್ಟು ಹಗುರವಾಯಿತೆಂದರೆ, ನನಗೂ ಒಂದು ಪೊಟ್ಟಣ ತರಲು ಹೇಳಿ ಕಳಿಸಿದೆ.