ಸೆರಿಟೋಸಿನಲ್ಲಿ ಓದಬಾರದಿದ್ದ ರಿಪೋರ್ಟು

ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳಿಗೂ ಜೀನ್‌ಗಳಿಗೂ ಇರುವ ನಂಟನ್ನು ಹುಡುಕುವುದು ಸ್ಯಾನ್ ಡಿಯೇಗೋದ ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ನನ್ನ ಕೆಲಸ. ಊಟಕ್ಕೆ ಹೋದ ಮನೆಗಳಲ್ಲಿ ಅದನ್ನು ಬಾಯಿಬಿಡಬಾರದಿತ್ತು.

ಜನ ಮಾಸ್ಕು ಬಿಟ್ಟು ಮತ್ತೆ ಮನೆಗೆ ಕರೆಯತೊಡಗಿದ್ದ ಕಾಲ. ಒಂದೂವರೆ ಗಂಟೆ ದಾರಿಯ ಸೆರಿಟೋಸಿನಲ್ಲಿ ಪರಿಚಯದ ಆಂಟಿಯೊಬ್ಬರು ಊಟ ಬಡಿಸಿ, ಕೈಗೆ ಫೋನ್ ಕೊಟ್ಟರು. ಮಗನಿಗೆ ನೋಡಿದ್ದ ಪೋರ್ಟರ್ ರ್ಯಾಂಚ್ ಎಂಬ ಊರಿನ ಹುಡುಗಿಯ ಜೀನ್ ರಿಪೋರ್ಟು. ಮುಚ್ಚಿಡಬಾರದೆಂದು ಅವಳೇ ಅವನಿಗೆ ಕಳಿಸಿದ್ದಳಂತೆ.

"ಬೆನ್ನುಮೂಳೆ ಕಾಯಿಲೆ ಜೀನ್ ಇದೆಯಂತೆ. ಸ್ವಲ್ಪ ನೋಡಿ ಹೇಳಮ್ಮ."

ಓದದೆ ವಾಪಸು ಕೊಡಬೇಕಿತ್ತು. ಚಟ, ಓದಿಬಿಟ್ಟೆ. "ರಿಸ್ಕ್ ಸ್ವಲ್ಪ ಜಾಸ್ತಿ ಆಂಟಿ. ಆದ್ರೆ ಈ ಜೀನ್ ಇರೋ ಹೆಚ್ಚಿನವ್ರಿಗೆ ಏನೂ ಆಗಲ್ಲ."

ಆಂಟಿಯ ಕಿವಿ 'ಜಾಸ್ತಿ'ಯಲ್ಲೇ ಮುಚ್ಚಿಕೊಂಡಿತು. "ನಾಳೆ ಮೊಮ್ಮಕ್ಕಳ ಗತಿ ಏನು?"

ಈ ಮಾತು ಹೇಳಿದವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಅದೂ ದೇಹ ತಿರುಗಿಬಿದ್ದು ಬರುವ ಕಾಯಿಲೆಯೇ. ಅರ್ಧ ಗಂಟೆಯ ಹಿಂದೆ ಅವರ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದುಕೊಟ್ಟವಳು ನಾನು.

"ಹಂಗಾದ್ರೆ ನಿಮ್ಮ ಮಗನಿಗೂ ಟೆಸ್ಟ್ ಮಾಡಿಸಿ" ಎಂದೆ.

"ಅವನಿಗ್ಯಾಕೆ? ಗುಂಡುಕಲ್ಲಿನ ಥರ ಇದಾನೆ."

ಗುಂಡುಕಲ್ಲು ಸೋಫಾದಿಂದ ತಲೆಯೆತ್ತದೆ, "ವಾಟೆವರ್, ಮಾಮ್" ಎಂದಿತು. ತನ್ನನ್ನು ನಂಬಿ ಕಳಿಸಿದ್ದ ಹುಡುಗಿಯ ರಿಪೋರ್ಟನ್ನು ಅಮ್ಮನ ಫೋನಿಗೆ ದಾಟಿಸಿದ್ದವನು ಅವನೇ. ನನಗೆ ಹೇಸಿಗೆಯಾಯಿತು. ಆದರೂ ಎದ್ದು ಬಂದೆನೇ? ಇಲ್ಲ. ಕಾಫಿ ಕುಡಿದೆ, ಕಟ್ಟಿಕೊಟ್ಟ ಒಬ್ಬಟ್ಟನ್ನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ, ಸ್ಯಾನ್ ಡಿಯೇಗೋವರೆಗೂ ನನ್ನನ್ನೇ ಬೈದುಕೊಳ್ಳುತ್ತ ಡ್ರೈವ್ ಮಾಡಿದೆ. ಒಬ್ಬಟ್ಟನ್ನು ಮನೆಯ ಕಸದ ಡಬ್ಬಿಗೆ ಹಾಕಿದೆ. ಅಷ್ಟೇ ನನ್ನ ಪೌರುಷ.

ಹತ್ತು ದಿನಕ್ಕೆ ಆ ಹುಡುಗಿ ಫೋನ್ ಮಾಡಿದಳು. ಯಾರಿಂದಲೋ ನನ್ನ ನಂಬರ್ ತೆಗೆದುಕೊಂಡಿದ್ದಳು.

"ಆಂಟಿ, ಜೀನ್ ಸೈಂಟಿಸ್ಟೇ ಈ ಸಂಬಂಧ ಬೇಡ ಅಂದ್ರು ಅಂತ ಅವರ ಮನೇಲಿ ಹೇಳಿದ್ರು. ಅದು ನೀವಾ?"

ನಾನು ಹಾಗೆ ಹೇಳಲೇ ಇಲ್ಲ, ಅವರಿಗೆ ಈಗಲೇ ಫೋನ್ ಮಾಡುತ್ತೇನೆ ಎಂದು ತೊದಲಿದೆ.

"ಬೇಡ ಆಂಟಿ, ಅವರ ಸಹವಾಸ ನಂಗೂ ಸಾಕು" ಎಂದಳು. ಆಮೇಲೆ, "ನಾನು ಇನ್ನೆಷ್ಟು ವರ್ಷ ನಡೀಬಹುದು, ಅದೊಂದು ಹೇಳಿ" ಎಂದಳು.

ನಾನು ಆಡಿದ್ದರಲ್ಲಿ 'ರಿಸ್ಕ್ ಜಾಸ್ತಿ' ಎಂಬ ಮೊದಲರ್ಧವಷ್ಟೇ ಅವಳಿಗೆ ತಲುಪಿತ್ತು. ಹತ್ತು ದಿನದಿಂದ ಅವಳು ಅದನ್ನೇ ಹೊತ್ತುಕೊಂಡು ಓಡಾಡಿದ್ದಳು.